ಬೆಳಕಿನ ಚಿಪ್ಪು: ಮಾಡುವ ಕೈ ಯಾರದು?

ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮ ಸಂಘದ ಅನೇಕ ಸಂಸಾರಗಳು, ವಾಷಿಂಗ್ಟನ್ ಕಡೆಯವರಾಗಲಿ ಅಟ್ಲಾಂಟ ಕಡೆಯವರಾಗಲಿ, ಪುಳಿಯೋಗರೆ ಮೊಸರನ್ನ ಕಟ್ಟಿಕೊಂಡು ಬ್ಲೂ ರಿಡ್ಜ್ ಬೆಟ್ಟಗಳಿಗೆ ಎಲೆಗಳ ಬಣ್ಣ ನೋಡಲು ಹೊರಡುವುದು ವಾಡಿಕೆ. ಆ ಬೆಟ್ಟಸಾಲಿನಲ್ಲೇ, ಉತ್ತರ ಕ್ಯಾರೊಲಿನದ ಮಿಚೆಲ್ ಕೌಂಟಿಯಲ್ಲಿ, ಸ್ಪ್ರೂಸ್ ಪೈನ್ ಎಂಬ ಸಣ್ಣ ಊರೊಂದಿದೆ. ನಿಂತು ನೋಡುವಂಥದೇನೂ ಅಲ್ಲಿಲ್ಲವೆಂದು ಮುಂದೆ ಹೋಗಿಬಿಡುವವರೇ ಹೆಚ್ಚು. ಆದರೆ ಆ ಊರಿನ ನೆಲದಿಂದ ತೆಗೆಯುವ ಬೆಣಚುಕಲ್ಲು ಇಲ್ಲದಿದ್ದರೆ ನಿಮ್ಮ ಕೈಗಡಿಯಾರದಿಂದ ಹಿಡಿದು ಕಾರಿನವರೆಗೆ ಯಾವುದರೊಳಗಿನ ಚಿಪ್ಪೂ ಹುಟ್ಟುವುದು ಕಷ್ಟ. (ಚಿಪ್ಪು ಎಂದೊಡನೆ ಓದುಗರು ತೆಂಗಿನ ಚಿಪ್ಪನ್ನು ನೆನೆಸಿಕೊಳ್ಳದಿದ್ದರೆ ಸಾಕು.)

ಸಿಲಿಕನ್ ಕರಗುವುದು 1414 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಆ ಬಿಸಿಯನ್ನು ತಾಳಿಕೊಂಡು, ತನ್ನ ಕೊಳೆಯನ್ನು ಕರಗಿದ ಸಿಲಿಕನ್ನಿಗೆ ಅಂಟಿಸದೆ ಇರಬಲ್ಲ ಮೂಸೆ ಬೇಕು. ಅದನ್ನು ಮಾಡುವುದು ಅತಿ ಶುದ್ಧವಾದ ಬೆಣಚಿನಿಂದ. ಅಂಥ ಬೆಣಚಿನಲ್ಲಿ ಜಗತ್ತಿನ ಬಹುಪಾಲು ಬರುವುದು ಈ ಒಂದು ಊರಿನಿಂದ. ಕಲ್ಲನ್ನು ಪುಡಿ ಮಾಡಿ, ಅಭ್ರಕ ಮತ್ತು ಇತರ ಖನಿಜಗಳನ್ನು ತೇಲಿಸಿ ಬೇರ್ಪಡಿಸಿ, ಆಮ್ಲದಲ್ಲಿ ತೊಳೆದು ಕಳಿಸುತ್ತಾರೆ. ಮೂಸೆಯಲ್ಲಿ ಕರಗಿದ ಸಿಲಿಕನ್ನಿಗೆ ಪುಟ್ಟ ಹರಳೊಂದನ್ನು ಮುಟ್ಟಿಸಿ, ತಿರುಗಿಸುತ್ತ ಮೆಲ್ಲಗೆ ಮೇಲಕ್ಕೆಳೆದರೆ ಒಂದೇ ಹರಳಿನ ಉದ್ದನೆಯ ದಿಂಡು ಬರುತ್ತದೆ. ಪಲ್ಯಕ್ಕೆ ಬಾಳೆದಿಂಡನ್ನು ಹೆಚ್ಚುವ ಹಾಗೆ ಅದನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದರೆ ಚಿಪ್ಪಿನ ಕಾರ್ಖಾನೆಗೆ ಹೋಗುವ ಮಾಲು ಸಿದ್ಧ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಬಂದು ಸ್ಪ್ರೂಸ್ ಪೈನಿನ ಗಣಿಗಳು ನಿಂತಾಗ ಜಗತ್ತಿನ ಚಿಪ್ ತಯಾರಕರೆಲ್ಲ ಉಸಿರು ಬಿಗಿಹಿಡಿದು ಕೂತರು. ಅಕ್ಟೋಬರಿನಲ್ಲಿ ಕೆಲಸ ಮತ್ತೆ ಶುರುವಾಯಿತು, ಬದುಕಿಕೊಂಡರು.

ಕ್ವಾಂಟಂ ವಿಷಯ ಬರೆಯಲು ಹೊರಟವರು ಕಲ್ಲುಗಣಿಯಿಂದ ಆರಂಭಿಸುವುದೇಕೆ ಎಂದು ಕೇಳಬಹುದು. ಕ್ವಾಂಟಂ ಎಂದೊಡನೆ ಎಲ್ಲರೂ ಆಕಾಶಕ್ಕೆ ಹಾರುತ್ತಾರೆ. ನಾವು ರಸಾಯನಶಾಸ್ತ್ರದವರು, ನಮಗೆ ನೆಲದಿಂದಲೇ ಶುರುಮಾಡಿ ಅಭ್ಯಾಸ.

ಈಗ ಎಲ್ಲಿ ನೋಡಿದರೂ ಈ ಮಾತೇ. ಮೇರಿಲ್ಯಾಂಡಿನ ಗವರ್ನರ್ ವೆಸ್ ಮೂರ್ ಅವರು 2025ರ ಜನವರಿಯಲ್ಲಿ ನಮ್ಮ ರಾಜ್ಯವನ್ನು ಕ್ವಾಂಟಂ ರಾಜಧಾನಿಯಾಗಿ ಮಾಡುತ್ತೇವೆಂದು ಘೋಷಿಸಿ, ಖಾಸಗಿ ಹಣವೂ ಸೇರಿ ನೂರು ಕೋಟಿ ಡಾಲರಿಗೂ ಮೀರಿದ ಬಂಡವಾಳದ ಗುರಿ ಹೇಳಿದರು. ಕಾಲೇಜ್ ಪಾರ್ಕಿನಲ್ಲಿ 2015ರಲ್ಲಿ ಹುಟ್ಟಿದ ಅಯಾನ್‌ಕ್ಯೂ ಕಂಪೆನಿ 2021ರಲ್ಲಿ ಷೇರುಪೇಟೆಗೆ ಬಂತು. ಅದರ ಇನ್ನೊಂದು ಬೇರು ಡರ್ಹಮ್ಮಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದೆ. ಬೆಂಗಳೂರಿನಲ್ಲಿ 2025ರ ಜುಲೈ 31ರಂದು ಕ್ವಾಂಟಂ ಸಮಾವೇಶ ನಡೆದು, ಕರ್ನಾಟಕ ಸರ್ಕಾರ ಒಂದು ಸಾವಿರ ಕೋಟಿ ರೂಪಾಯಿಯ ಯೋಜನೆಯನ್ನು ಸಾರಿತು. ಇದರಿಂದಾಗಿ ನಮ್ಮ ಹಬ್ಬದ ಊಟದ ಸಾಲುಗಳಲ್ಲಿ ಪಿ.ಎಚ್‌ಡಿ. ಮಾಡಿದವರು ಯಾರಾದರೂ ಸಿಕ್ಕರೆ ಹಿರಿಯರು ಕೇಳುವ ಪ್ರಶ್ನೆ ಎರಡೇ: ಯಾವ ಷೇರು ಕೊಳ್ಳಬೇಕು, ಮಗನಿಗೆ ಯಾವ ಕೋರ್ಸು ಕೊಡಿಸಬೇಕು. ಮೊದಲನೆಯದಕ್ಕೆ ನಾವು ಉತ್ತರ ಹೇಳುವುದಿಲ್ಲ. ಎರಡನೆಯದಕ್ಕೆ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು, ಓದುಗರು ಸಹಿಸಿಕೊಳ್ಳಬೇಕು.

ಕ್ವಾಂಟಂ ಯಂತ್ರಗಳನ್ನು ಮಾಡಲು ಹಲವು ಹಾದಿಗಳಿವೆ. ಅವುಗಳಲ್ಲಿ ಒಂದು, ಸಿಲಿಕನ್ ಚಿಪ್ಪಿನ ಮೇಲೆ ವಿದ್ಯುತ್ತಿಗೆ ಬದಲು ಬೆಳಕನ್ನು ಹರಿಸುವುದು. ಬಿಲ್ಲೆಯ ಮೇಲೆ ಸುಮಾರು 500 ನ್ಯಾನೋಮೀಟರ್ ಅಗಲ, 220 ನ್ಯಾನೋಮೀಟರ್ ಎತ್ತರದ ಸಿಲಿಕನ್ ಏರಿಯೊಂದನ್ನು ಕೊರೆಯುತ್ತಾರೆ. ಸಾಧಾರಣ ತಲೆಗೂದಲನ್ನು ನೂರು ಸೀಳು ಮಾಡಿದರೂ ಒಂದೊಂದು ಸೀಳು ಇದಕ್ಕಿಂತ ದಪ್ಪ. ಸಿಲಿಕನ್ ನಮ್ಮ ಕಣ್ಣಿಗೆ ಕನ್ನಡಿಯಂತೆ ಕಂಡರೂ, ಟೆಲಿಫೋನ್ ಗಾಜುತಂತಿಗಳಲ್ಲಿ ಓಡುವ 1550 ನ್ಯಾನೋಮೀಟರಿನ ಬೆಳಕಿಗೆ ಅದು ಪಾರದರ್ಶಕ. ಅದರ ವಕ್ರೀಭವನಾಂಕ ಸುಮಾರು 3.48, ಸುತ್ತಲಿನ ಗಾಜಿನದು 1.44. ಈ ಅಂತರದಿಂದಾಗಿ ಬೆಳಕು ಕಾಲುವೆಯೊಳಗಿನ ನೀರಿನ ಹಾಗೆ ಏರಿಯೊಳಗೇ ಉಳಿದು, ಕೆಲವೇ ಮೈಕ್ರಾನುಗಳ ತಿರುವಿನಲ್ಲೂ ತಿರುಗಿಕೊಳ್ಳುತ್ತದೆ. ಹೀಗಾಗಿ ಒಂದು ಕೋಣೆಯ ತುಂಬ ಹರಡಿಕೊಂಡಿರುತ್ತಿದ್ದ ಕನ್ನಡಿ ಮಸೂರಗಳ ಸಂತೆಯನ್ನು ಉಗುರಿನಷ್ಟು ಜಾಗದಲ್ಲಿ ಅಡಗಿಸಬಹುದು. ಬೆಳಕಿನ ಒಂದೇ ಕಣ, ಅಂದರೆ ಒಂದು ಫೋಟಾನು, ಎರಡು ಕಾಲುವೆಗಳಲ್ಲಿ ಏಕಕಾಲಕ್ಕೆ ಇರುವ ಸ್ಥಿತಿಯೇ ಇಲ್ಲಿನ ಲೆಕ್ಕದ ಮೂಲಮಾನ.

ಕೇಳಲು ಸೊಗಸು. ತೊಡಕೆಲ್ಲ ಇರುವುದು ಸೋರಿಕೆಯಲ್ಲಿ. ಸಾಧಾರಣ ಕಾರ್ಖಾನೆಯಲ್ಲಿ ಮಾಡಿದ ಸಿಲಿಕನ್ ಕಾಲುವೆಯಲ್ಲಿ ಒಂದು ಸೆಂಟಿಮೀಟರಿಗೆ ಎರಡು ಡೆಸಿಬೆಲ್ ಆಸುಪಾಸಿನ ನಷ್ಟವಾಗುತ್ತದೆ. ಎಂದರೆ ಹೊರಟ ನೂರು ಫೋಟಾನುಗಳಲ್ಲಿ ತಲುಪುವುದು ಅರವತ್ತಮೂರು. ಒಳ್ಳೆಯ ಗಾಜುತಂತಿಯಲ್ಲಿ ಇಷ್ಟೇ ನಷ್ಟವಾಗಲು ಹತ್ತು ಕಿಲೋಮೀಟರ್ ಹೋಗಬೇಕು! ಸಾಮಾನ್ಯ ಟೆಲಿಫೋನ್ ಸಂದೇಶವಾದರೆ ನಡುವೆ ವರ್ಧಕ ಇಟ್ಟು ಕುಂದಿದ್ದನ್ನು ತುಂಬಿಕೊಳ್ಳಬಹುದು. ಕ್ವಾಂಟಂ ಸ್ಥಿತಿಗೆ ಆ ಭಾಗ್ಯವಿಲ್ಲ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯ ನಕಲು ತೆಗೆಯಲು ಬರುವುದಿಲ್ಲವೆಂದು 1982ರಲ್ಲೇ ಸಿದ್ಧಪಟ್ಟಿದೆ. ಹೋದ ಫೋಟಾನು ಹೋದಂತೆಯೇ. ಹತ್ತು ಹಂತಗಳ ಒಂದು ಯಂತ್ರದಲ್ಲಿ ಪ್ರತಿ ಹಂತವೂ ನೂರಕ್ಕೆ ತೊಂಬತ್ತರಷ್ಟು ದಾಟಿಸಿದರೂ ಕೊನೆಗೆ ಉಳಿಯುವುದು ಮೂವತ್ತೈದು.

ಈ ಸೋರಿಕೆ ಏಕೆ? ಏರಿಯ ಗೋಡೆಗಳು ನುಣುಪಾಗಿಲ್ಲದ್ದರಿಂದ. ಫ್ಲೋರೀನ್ ಅಥವಾ ಬ್ರೋಮೀನ್ ಇರುವ ಅನಿಲಗಳ ಪ್ಲಾಸ್ಮಾದಿಂದ ಸಿಲಿಕನ್ನನ್ನು ಕೊರೆದಾಗ ಗೋಡೆಯಲ್ಲಿ ಒಂದೆರಡು ನ್ಯಾನೋಮೀಟರಿನ ಒರಟು ಉಳಿದರೂ ಬೆಳಕು ಚೆದುರುತ್ತದೆ. ಯಾವ ಅಂತರ ಬೆಳಕನ್ನು ಬಿಗಿಯಾಗಿ ಹಿಡಿಯಿತೋ ಅದೇ ಅಂತರ ಈ ಚೆದುರಿಕೆಯನ್ನೂ ಹೆಚ್ಚಿಸುತ್ತದೆ. ಬೇಕಾದ ಗುಣವೇ ಬೇಡದ ದೋಷ. ಗೋಡೆಯನ್ನು ನುಣುಪು ಮಾಡುವುದು, ತೆಳುವಾಗಿ ಆಕ್ಸೈಡ್ ಬೆಳೆಸಿ ಕರಗಿಸಿ ತೆಗೆಯುವುದು, ಜಲಜನಕದಲ್ಲಿ ಕಾಯಿಸುವುದು, ಇವೆಲ್ಲ ಭೌತಶಾಸ್ತ್ರದ ಸಮೀಕರಣಗಳಲ್ಲ. ಒಲೆಯ ಮುಂದೆ ನಿಂತು ಕೈಯಳತೆ ಕಲಿತವರ ಕೆಲಸ.

ಇನ್ನು ಫೋಟಾನನ್ನು ಹುಟ್ಟಿಸುವ ಬಗೆ. ಸಿಲಿಕನ್ ತಾನಾಗಿ ಬೆಳಕು ಕೊಡುವುದರಲ್ಲಿ ಬಲು ಜಿಪುಣ. ಆದ್ದರಿಂದ ಹೊರಗಿನಿಂದ ಲೇಸರ್ ಬೆಳಕು ಹಾಯಿಸಿ, ಅದರ ಎರಡು ಫೋಟಾನುಗಳು ಮಾಯವಾಗಿ ಬೇರೆ ಬಣ್ಣದ ಅವಳಿ ಫೋಟಾನುಗಳು ಹುಟ್ಟುವಂತೆ ಮಾಡುತ್ತಾರೆ. ಇಂಥ ಅವಳಿಗಳನ್ನು ಸಿಲಿಕನ್ ಕಾಲುವೆಯೊಳಗೆ ಹುಟ್ಟಿಸಿ ತೋರಿಸಿದ್ದು 2006ರಲ್ಲಿ. ಗಾಜುತಂತಿಯಲ್ಲಿ ಈ ಕೆಲಸಕ್ಕೆ ಹೊರಟರೆ ರಾಮನ್ ಚೆದುರಿಕೆಯಿಂದ ಬೇಡದ ಫೋಟಾನುಗಳು ಅಗಲವಾಗಿ ಹರಡಿ ಕಾಟ ಕೊಡುತ್ತವೆ. ಸಿಲಿಕನ್ ಹರಳಿನಲ್ಲಾದರೋ ರಾಮನ್ ಬೆಳಕು ಒಂದು ಕಿರಿದಾದ ಜಾಗದಲ್ಲೇ ಬೀಳುವುದರಿಂದ ಅದನ್ನು ಬಳಸಿಕೊಂಡು ಹೋಗಬಹುದು. 1928ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಪರಿಣಾಮವನ್ನು ಕಂಡ ರಾಮನ್ನರು ಬೆಂಗಳೂರಿಗೆ ಬಂದು ಜೀವಮಾನವೆಲ್ಲ ಹರಳುಗಳ ಹಿಂದೆ ಬಿದ್ದದ್ದನ್ನು ಸುಮ್ಮನೆ ಹಟವೆಂದು ಕೆಲವರು ಆಡಿಕೊಂಡದ್ದುಂಟು. 2005ರಲ್ಲಿ ಇಂಟೆಲ್ಲಿನವರು ಸಿಲಿಕನ್ನಿನಿಂದ ನಿರಂತರವಾದ ಲೇಸರ್ ಬೆಳಕು ತೆಗೆದದ್ದು ಅದೇ ರಾಮನ್ ಪರಿಣಾಮದಿಂದ.

ಅವಳಿಗಳು ಯಾವಾಗ ಹುಟ್ಟುತ್ತವೆಂದು ಮೊದಲೇ ಹೇಳಲಾಗದು. ಆದ್ದರಿಂದ ಹಲವು ಮೂಲಗಳನ್ನಿಟ್ಟು, ಹುಟ್ಟಿದ್ದನ್ನು ತಟ್ಟನೆ ಸರಿಯಾದ ಕಾಲುವೆಗೆ ತಿರುಗಿಸುವ ಸ್ವಿಚ್ಚು ಬೇಕು. ಸಿಲಿಕನ್ ಹರಳಿನ ಸಮತೆಯ ದೆಸೆಯಿಂದ ಅದರಲ್ಲಿ ಅಂಥ ವೇಗದ, ಸೋರದ ಸ್ವಿಚ್ಚು ಸುಲಭವಲ್ಲ. ಬೇರಿಯಂ ಟೈಟನೇಟನ್ನು ಅದರ ಮೇಲೆ ಬೆಳೆಸಬೇಕು. ಕ್ಯಾಲಿಫೋರ್ನಿಯದ ಸೈಕ್ವಾಂಟಂ ಕಂಪೆನಿ ನ್ಯೂಯಾರ್ಕಿನ ಮಾಲ್ಟದಲ್ಲಿರುವ ಗ್ಲೋಬಲ್‌ಫೌಂಡ್ರೀಸ್ ಕಾರ್ಖಾನೆಯಲ್ಲಿ ಇಂಥ ಬಿಲ್ಲೆಗಳನ್ನು ಮಾಡಿಸಿ 2025ರಲ್ಲಿ ವಿವರ ಪ್ರಕಟಿಸಿತು. ಕೊನೆಗೆ ಫೋಟಾನು ಬಂತೋ ಇಲ್ಲವೋ ಎಂದು ಎಣಿಸಲು ನಯೋಬಿಯಂ ನೈಟ್ರೈಡಿನ ಸಣ್ಣ ತಂತಿಗಳನ್ನು ಪರಮ ಶೂನ್ಯಕ್ಕಿಂತ ಎರಡು ಮೂರು ಡಿಗ್ರಿ ಮೇಲಿನ ಚಳಿಯಲ್ಲಿಡಬೇಕು. ಚಿಪ್ಪು ಉಗುರಿನಷ್ಟು, ತಂಪುಪೆಟ್ಟಿಗೆ ಬೀರುವಿನಷ್ಟು. ಭಾವಚಿತ್ರಗಳಲ್ಲಿ ಎರಡನೆಯದನ್ನು ತೋರಿಸುವುದು ಕಡಿಮೆ.

ನಮ್ಮ ನೆರೆಯಲ್ಲೇ ನಡೆಯುತ್ತಿರುವ ಕೆಲಸವನ್ನೂ ಹೇಳಬೇಕು. ಗೇಥರ್ಸ್‌ಬರ್ಗಿನ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಕೂಡಿ 2006ರಲ್ಲಿ ಆರಂಭಿಸಿದ ಜಂಟಿ ಕ್ವಾಂಟಂ ಸಂಸ್ಥೆಯಲ್ಲಿ ಮೊಹಮ್ಮದ್ ಹಫೇಜಿ ಅವರ ತಂಡ 2013ರಲ್ಲಿ ಸಿಲಿಕನ್ ಉಂಗುರಗಳನ್ನು ಸಾಲಾಗಿ ಜೋಡಿಸಿ, ಬೆಳಕು ಆ ಜೋಡಣೆಯ ಅಂಚಿನಲ್ಲೇ ಓಡಿ ನಡುವಿನ ದೋಷಗಳನ್ನು ಬಳಸಿ ಹೋಗುವುದನ್ನು ಚಿತ್ರ ಹಿಡಿದು ತೋರಿಸಿತು. 2018ರಲ್ಲಿ ಸುನೀಲ್ ಮಿತ್ತಲ್ ಮತ್ತು ಸಂಗಡಿಗರು ಅಂಥ ಅಂಚಿನಲ್ಲೇ ಅವಳಿ ಫೋಟಾನುಗಳನ್ನು ಹುಟ್ಟಿಸಿದರು. ಕೊರೆತ ಒರಟಾದರೂ ಚಿಂತೆಯಿಲ್ಲ, ವಿನ್ಯಾಸದಿಂದಲೇ ಗೆಲ್ಲೋಣ ಎಂಬ ಜಾಣತನ ಅದು. ಅದೇ ವಿಶ್ವವಿದ್ಯಾಲಯದ ಎಡೊ ವಾಕ್ಸ್ ಅವರ ತಂಡ ಹಿಡಿದ ದಾರಿ ನಮಗೆ ಇನ್ನೂ ಪ್ರಿಯ, ಏಕೆಂದರೆ ಅದರಲ್ಲಿ ರಸಾಯನವಿದೆ. ಸಿಲಿಕನ್ನಿನೊಳಗೆ ಎರಡು ಇಂಗಾಲ, ಒಂದು ಜಲಜನಕ ಕೂಡಿ ಕೂತ ದೋಷಕ್ಕೆ ಟಿ ಕೇಂದ್ರವೆಂದು ಹೆಸರು. ಅದು 1326 ನ್ಯಾನೋಮೀಟರಿನ ಬೆಳಕನ್ನು ಸೂಸುತ್ತದೆ. ಜಿಪುಣ ಸಿಲಿಕನ್ನಿನಿಂದ ಒಂದೊಂದಾಗಿ ಫೋಟಾನು ಕೊಡಿಸಬಲ್ಲ ಕಸ ಇದು! ನಾವು ಶುದ್ಧಿ ಶುದ್ಧಿ ಎಂದು ಮೂಸೆಯಿಂದ ಹೊರಟವರು, ಕೊನೆಗೆ ಬೇಕಾದ ಜಾಗದಲ್ಲಿ ಬೇಕಾದಷ್ಟೇ ಕಸ ಹಾಕುವ ವಿದ್ಯೆಗೆ ಬಂದು ನಿಲ್ಲುತ್ತೇವೆ.

ಕಾಲೇಜ್ ಪಾರ್ಕ್ ಮತ್ತು ಡರ್ಹಮ್ಮಿನವರ ಯಂತ್ರಗಳು ಬೆಳಕಿನವಲ್ಲ, ವಿದ್ಯುದಂಶವುಳ್ಳ ಪರಮಾಣುಗಳನ್ನು ತೂಗುಹಾಕುವಂಥವು. ಅಟ್ಲಾಂಟದಲ್ಲಿ ಜಾರ್ಜಿಯ ಟೆಕ್ಕಿನ ಸಂಶೋಧನ ಸಂಸ್ಥೆಯೂ ಅಂಥ ಬೋನುಗಳನ್ನು ಚಿಪ್ಪಿನ ಮೇಲೆ ಮಾಡಿ ಹೆಸರು ಪಡೆದಿದೆ. ಆದರೂ ಆ ಪರಮಾಣುಗಳನ್ನು ಕುಣಿಸಲು ಲೇಸರ್ ಬೇಕು. ಯಟರ್ಬಿಯಮ್ಮಿಗೆ 369 ನ್ಯಾನೋಮೀಟರ್, ಬೇರಿಯಮ್ಮಿಗೆ 493. ಈ ಬೆಳಕಿಗೆ ಸಿಲಿಕನ್ ಗೋಡೆಯಿದ್ದ ಹಾಗೆ. ಅಲ್ಲಿ ಸಿಲಿಕನ್ ನೈಟ್ರೈಡನ್ನೋ ಅಲ್ಯೂಮಿನಿಯಂ ಆಕ್ಸೈಡನ್ನೋ ಹಾಸಿ ಕಾಲುವೆ ಮಾಡಬೇಕು. ಯಾವ ದಾರಿ ಹಿಡಿದರೂ ಮತ್ತೆ ಪದಾರ್ಥಗಳ ಅಂಗಡಿಗೇ ಬರಬೇಕು.

ಇಷ್ಟೆಲ್ಲ ಮಾಡಿ ಪ್ರಯೋಜನವೇನು? ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಗುಟ್ಟಿನ ಸಂದೇಶ ಕಳಿಸಲು ಕ್ವಾಂಟಂ ಚಿಪ್ಪು ಬೇಕೇಬೇಕೆಂಬ ಪ್ರಚಾರವನ್ನು ಅರ್ಧಕ್ಕೆ ಅರ್ಧ ಕಳೆದು ಕೇಳಿಸಿಕೊಳ್ಳಬೇಕು. ಫೋರ್ಟ್ ಮೀಡಿನಲ್ಲಿರುವ ರಾಷ್ಟ್ರೀಯ ಭದ್ರತಾ ಸಂಸ್ಥೆಯೇ ತನ್ನ ವ್ಯವಸ್ಥೆಗಳಿಗೆ ಆ ವಿಧಾನವನ್ನು ಶಿಫಾರಸು ಮಾಡುವುದಿಲ್ಲವೆಂದು ಬರೆದಿಟ್ಟಿದೆ. ಗೇಥರ್ಸ್‌ಬರ್ಗಿನ ನಿಸ್ಟ್ 2024ರ ಆಗಸ್ಟ್ 13ರಂದು ಪ್ರಕಟಿಸಿದ ಮೂರು ಹೊಸ ಗೂಢಲಿಪಿ ಮಾನಕಗಳು ಈಗಿರುವ ಕಂಪ್ಯೂಟರುಗಳಲ್ಲೇ ಗಣಿತದ ಬಲದಿಂದ ಆ ಕೆಲಸ ಮಾಡುತ್ತವೆ. ಭಾರತದ ರಾಷ್ಟ್ರೀಯ ಕ್ವಾಂಟಂ ಯೋಜನೆ (2023ರ ಏಪ್ರಿಲಿನಲ್ಲಿ ಒಪ್ಪಿಗೆ ಪಡೆದದ್ದು, 6003.65 ಕೋಟಿ ರೂಪಾಯಿ) 2000 ಕಿಲೋಮೀಟರ್ ದೂರದ ಕ್ವಾಂಟಂ ಸಂಪರ್ಕವನ್ನು ಗುರಿಯಾಗಿಟ್ಟಿದೆ. ಅದರಿಂದ ಕಲಿಯುವುದು ಬಹಳವಿದೆ. ಬ್ಯಾಂಕಿನ ಬೀಗಕ್ಕೆ ಅದೊಂದೇ ಗತಿ ಎನ್ನುವುದು ಮಾತ್ರ ಅತಿ. ಲೆಕ್ಕ ಮಾಡುವ ಯಂತ್ರದ ಮಾತು ಬೇರೆ. ಹೊಸ ಔಷಧಿ, ಹೊಸ ವೇಗವರ್ಧಕಗಳ ಅಣುಗಳನ್ನು ಲೆಕ್ಕ ಹಾಕಲು ಅದು ನಮ್ಮಂಥವರಿಗೆ ನಿಜವಾಗಿ ಬೇಕು. ಆದರೆ ಖರ್ಚಿಗಿಂತ ಹೆಚ್ಚಿನ ಬೆಲೆಯ ಕೆಲಸ ಮಾಡುವ ಯಂತ್ರ 2033ರೊಳಗೆ ಸಾಧ್ಯವೇ ಎಂದು ಆರ್ಲಿಂಗ್‌ಟನ್ನಿನ ದಾರ್ಪಾ ಸಂಸ್ಥೆ 2024ರಲ್ಲಿ ಒಂದು ಪರೀಕ್ಷೆಯನ್ನೇ ಏರ್ಪಡಿಸಿತು. ಸರ್ಕಾರವೇ ಪ್ರಶ್ನೆಯಾಗಿಟ್ಟದ್ದನ್ನು ನಾವು ಉತ್ತರವೆಂದು ಮಕ್ಕಳಿಗೆ ಹೇಳಬಾರದು.

ಹಾಗಾದರೆ ಮಗನಿಗೆ, ಮಗಳಿಗೆ ಏನು ಹೇಳುವುದು? ಕ್ವಾಂಟಂ ಪ್ರೋಗ್ರಾಮಿಂಗಿನ ಆರು ವಾರದ ಕೋರ್ಸಿಗೆ ಸಾವಿರ ಡಾಲರ್ ಕಟ್ಟುವ ಮೊದಲು ಅವರನ್ನು ಒಂದು ಕ್ಲೀನ್ ರೂಮಿಗೆ ಕಳಿಸಿ ಎಂಬುದು ನಮ್ಮ ಸಲಹೆ. ನಮ್ಮ ಜನಕ್ಕೆ ಬರೆಯುವ ಕೆಲಸದ ಮೇಲಿರುವ ಮೋಹ ಮಾಡುವ ಕೆಲಸದ ಮೇಲಿಲ್ಲ. ಮಗಳು ಆಮ್ಲದ ತೊಟ್ಟಿಯ ಮುಂದೆ ಬಿಳಿ ನಿಲುವಂಗಿ ತೊಟ್ಟು ನಿಲ್ಲುತ್ತೇನೆಂದರೆ ಅಮ್ಮನ ಮುಖ ಸಣ್ಣದಾಗುತ್ತದೆ. ಯಂತ್ರ ಸಿದ್ಧವಾದ ದಿನ ಅದಕ್ಕೆ ಪ್ರೋಗ್ರಾಮು ಬರೆಯುವವರು ಸಾವಿರ ಜನ ಸಿಕ್ಕಾರು; ಕಾಲುವೆಯ ಗೋಡೆಯನ್ನು ನುಣುಪು ಮಾಡಬಲ್ಲವರು ಎಣಿಕೆಯ ಮಂದಿ, ಅವರು ತಯಾರಾಗಲು ಐದಾರು ವರ್ಷ ಬೇಕು. ಬೇಕಾದ ಜಾಗಗಳು ನಮ್ಮ ಮನೆ ಬಾಗಿಲಲ್ಲೇ ಇವೆ: ಗೇಥರ್ಸ್‌ಬರ್ಗಿನ ನಿಸ್ಟ್, ಕಾಲೇಜ್ ಪಾರ್ಕ್, ಅಟ್ಲಾಂಟದಲ್ಲಿ ಜಾರ್ಜಿಯ ಟೆಕ್ಕಿನ ಮಾರ್ಕಸ್ ಕಟ್ಟಡ, ಗ್ರೀನ್ಸ್‌ಬರೋ, ರಾಲಿ, ಡರ್ಹಮ್, ಚಾಪೆಲ್ ಹಿಲ್.

ಇದಕ್ಕೊಂದು ಆಕ್ಷೇಪಣೆಯುಂಟು, ಅದು ಸಣ್ಣದಲ್ಲ. ಮಾಡುವ ಕೆಲಸದಲ್ಲಿ ದುಡ್ಡೆಲ್ಲಿದೆ, ಭದ್ರತೆಯೆಲ್ಲಿದೆ ಎಂದು ಕೇಳುವವರು ಡರ್ಹಮ್ಮಿನ ಉಲ್ಫ್‌ಸ್ಪೀಡ್ ಕಂಪೆನಿಯನ್ನು ತೋರಿಸಬಹುದು. ನಾರ್ತ್ ಕ್ಯಾರೊಲಿನ ಸ್ಟೇಟಿನ ಪ್ರಯೋಗಶಾಲೆಯಿಂದ 1987ರಲ್ಲಿ ಕ್ರೀ ಎಂಬ ಹೆಸರಿನಲ್ಲಿ ಹೊರಬಂದು, ಸಿಲಿಕನ್ ಕಾರ್ಬೈಡ್ ಹರಳು ಬೆಳೆಸುವುದರಲ್ಲಿ ಜಗತ್ತಿನ ಅಗ್ರರೆನಿಸಿದವರು 2025ರ ಜೂನಿನಲ್ಲಿ ಸಾಲದ ಹೊರೆಯಿಂದ ದಿವಾಳಿಯ ಅರ್ಜಿ ಹಾಕಬೇಕಾಯಿತು, ಸೆಪ್ಟೆಂಬರಿನಲ್ಲಿ ಹೊರಬಂದರು. ಅದೇ ಸೆಪ್ಟೆಂಬರಿನಲ್ಲಿ ಹೊಸ ಎಚ್‌-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆಯೂ ಆಯಿತು. ಊರಿನಿಂದ ಹುಡುಗರು ಬಂದು ಇಲ್ಲಿನ ಪ್ರಯೋಗಶಾಲೆ ಸೇರುವುದು ಇದರಿಂದ ಸುಲಭವಾಗುವುದಿಲ್ಲ. ಇದೆಲ್ಲ ನಿಜ. ಆದರೆ ಉಲ್ಫ್‌ಸ್ಪೀಡಿನ ಮಾಲೀಕರು ನಷ್ಟಪಟ್ಟರೂ ಅಲ್ಲಿ ಹರಳು ಬೆಳೆಸಲು ಕಲಿತವನ ಕೈಯಿಂದ ಆ ವಿದ್ಯೆಯನ್ನು ಯಾವ ಸಾಲಗಾರನೂ ಜಪ್ತಿ ಮಾಡಿಕೊಂಡು ಹೋಗಲಿಲ್ಲ. ಕ್ವಾಂಟಂ ಕಂಪೆನಿಗಳಲ್ಲಿ ಎಷ್ಟು ಉಳಿಯುತ್ತವೋ ಎಷ್ಟು ಮುಳುಗುತ್ತವೋ, ಹೃದಯ ಪರೀಕ್ಷೆಯ ಸಂವೇದಕಕ್ಕೂ, ದತ್ತಾಂಶ ಕೇಂದ್ರಗಳ ಗಾಜುತಂತಿಗೂ ಅದೇ ಕೊರೆತ, ಅದೇ ನುಣುಪು ಬೇಕು. ನಾವು ಈ ವೃತ್ತಿಯನ್ನು ಧೈರ್ಯದಿಂದ ಹೇಳುವುದು ಅದಕ್ಕೇ.

ಊರಿನ ವಿಷಯಕ್ಕೆ ಬರೋಣ. ರಾಷ್ಟ್ರೀಯ ಯೋಜನೆಯ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗಿನದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಿದೆ. ಅಲ್ಲಿನ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಸಿಲಿಕನ್ ಬೆಳಕಿನ ಚಿಪ್ಪುಗಳನ್ನು ಮಾಡುವ ತಂಡವಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ 2021ರಲ್ಲಿ ಎರಡು ಕಟ್ಟಡಗಳ ನಡುವೆ ಬಯಲಿನಲ್ಲೇ ಕ್ವಾಂಟಂ ಕೀಲಿ ಕಳಿಸಿ ತೋರಿಸಿತು. ರಾಜ್ಯ ಸರ್ಕಾರ ಹೆಸರಘಟ್ಟದಲ್ಲಿ ಕ್ವಾಂಟಂ ನಗರ ಕಟ್ಟುವ ಮಾತಾಡಿದೆ. ನಗರ ಬೇಡವೆನ್ನುವಷ್ಟು ಒಣಜನ ನಾವಲ್ಲ. ಆದರೆ ಬೆಂಗಳೂರಿಗೆ ಗಾಜಿನ ಮುಖದ ಕಟ್ಟಡಗಳ ಬರವಿಲ್ಲ. ಬರವಿರುವುದು, ಗದಗಿನ ಅಥವಾ ರಾಯಚೂರಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗಿ ತನ್ನ ವಿನ್ಯಾಸವನ್ನು ತಂದು, ತಾನೇ ಕೊರೆದು, ಅಳೆದು, ಮತ್ತೆ ಕೊರೆಯಬಹುದಾದ ಸಾಲಿಗೆ. ಸಾವಿರ ಕೋಟಿಯಲ್ಲಿ ಕಟ್ಟಡಕ್ಕೆ ಹೋಗುವುದೆಷ್ಟು, ಹರಳು ಬೆಳೆಸುವ ಒಲೆಗೂ ಅದರ ಮುಂದೆ ನಿಲ್ಲುವವರ ಸಂಬಳಕ್ಕೂ ಹೋಗುವುದೆಷ್ಟು ಎಂದು ಕೇಳುವ ಹಕ್ಕು ಊರಿಗೆ ಹಣ ಕಳಿಸುವ ಹಳೆಯ ವಿದ್ಯಾರ್ಥಿಗಳಾದ ನಮಗೆ ಇದೆ, ಕೇಳಬೇಕು.

ಮಾದರಿ ಹೊಸದಾಗಿ ಹುಡುಕಬೇಕಾಗಿಲ್ಲ. 2008ರಲ್ಲಿ ಭಾರತ ಸರ್ಕಾರ ಟಾಟಾ ಇನ್‌ಸ್ಟಿಟ್ಯೂಟ್ ಮತ್ತು ಬೊಂಬಾಯಿ ಐಐಟಿಗಳಲ್ಲಿ ಆರಂಭಿಸಿದ ನ್ಯಾನೋ ಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದಲ್ಲಿ ಹೊರಗಿನ ಕಾಲೇಜುಗಳವರು ಬಂದು ಕ್ಲೀನ್ ರೂಮಿನಲ್ಲಿ ಕೆಲಸ ಕಲಿಯಲು ಅವಕಾಶ ಮಾಡಿದರು. ಬಾಗಿಲು ತೆರೆದಿದ್ದರೂ ಬಸ್ಸಿನ ಚಾರ್ಜು, ಬೆಂಗಳೂರಿನ ಬಾಡಿಗೆ, ಊಟದ ಖರ್ಚು ಎಂದರೆ ಸಣ್ಣ ಊರಿನ ಮಕ್ಕಳು ಹಿಂದೆ ಸರಿಯುತ್ತಾರೆ. ಇಲ್ಲಿ ನಮ್ಮ ಸಂಘಗಳು ಕೈ ಹಾಕಬಹುದು. ವಾಷಿಂಗ್ಟನ್, ಅಟ್ಲಾಂಟ, ಕ್ಯಾರೊಲಿನಗಳ ಸಂಘಗಳು ಕೂಡಿ, ಒಂದು ವರ್ಷದ ಯುಗಾದಿ ಕಾರ್ಯಕ್ರಮಕ್ಕೆ ಹೊರಗಿನಿಂದ ಕಲಾವಿದರನ್ನು ಕರೆಸುವ ಖರ್ಚನ್ನು ಉಳಿಸಿದರೂ ಸಾಕು (ಕಲಾವಿದರು ಕೋಪಿಸಿಕೊಳ್ಳಬಾರದು, ಒಂದೇ ವರ್ಷ), ಬೆಂಗಳೂರಿನ ಆಚೆಯ ಕಾಲೇಜುಗಳಿಂದ ಇಬ್ಬರನ್ನು ಆರಿಸಿ ಒಂದೊಂದು ಬೇಸಗೆ ಅಲ್ಲಿ ನಿಲ್ಲಿಸಬಹುದು. ಇಲ್ಲಿ ಕ್ಲೀನ್ ರೂಮುಗಳಲ್ಲಿ ದುಡಿಯುವ ಸದಸ್ಯರು ಸಾಕಷ್ಟಿದ್ದೇವೆ; ತಿಂಗಳಿಗೆರಡು ಸಂಜೆ ಆ ಮಕ್ಕಳೊಡನೆ ಫೋನಿನಲ್ಲಿ ಕೂತು ಅವರ ಅಳತೆಗಳನ್ನು ನೋಡಿಕೊಡುವುದು ನಮಗೆ ಭಾರವಲ್ಲ. ಮೊದಲ ವರ್ಷದ ನೂರು ಡಾಲರುಗಳನ್ನು ನಾವು ಈ ಲೇಖನದ ಜೊತೆಯಲ್ಲೇ ಖಜಾಂಚಿಯವರಿಗೆ ಕಳಿಸಿದ್ದೇವೆ. ಉಳಿದ ವಿವರವನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮಂಡಿಸುತ್ತೇವೆ. ಅಳತೆ ನೋಡಿಕೊಡಲು ಒಪ್ಪುವವರು ಅದಕ್ಕೆ ಮುಂಚೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿದರೆ ಅನುಕೂಲ.